ಕೊನೆಯ ಗಾಣದ ಬಿಸಿ ಬೇರಿಂಗ್: ಎರಡು ಬ್ರಾಸ್ ಕೆಟ್ಟ ಮೇಲೆ ಸಿಕ್ಕ ಕಾರಣ

ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯ ಪ್ರಕರಣ ಇದು. ದಿನಕ್ಕೆ ಸುಮಾರು 2,500 ಟನ್ ಕಬ್ಬು ನುರಿಸುವ, ನಾಲ್ಕು ಗಾಣಗಳ ಸಾಲು ಅಲ್ಲಿದೆ. ಗುರುತು ಹತ್ತದಿರಲೆಂದು ಕಾರ್ಖಾನೆಯ ಹೆಸರು, ಊರು, ವರ್ಷ ಬಿಟ್ಟಿದ್ದೇವೆ, ಅಳತೆಗಳನ್ನು ದುಂಡು ಮಾಡಿದ್ದೇವೆ. ಲೆಕ್ಕದ ಸಾರ ಮಾತ್ರ ಬದಲಾಗಿಲ್ಲ.

ಕೆಟ್ಟದ್ದು ನಾಲ್ಕನೆಯ ಗಾಣದ ಟಾಪ್ ರೋಲರ್‌ನ, ಅಂದರೆ ಕಬ್ಬು ಹಿಂಡುವ ಮೇಲಿನ ಉರುಳೆಯ, ಡ್ರೈವ್ ಕಡೆಯ (ಗಾಣ ತಿರುಗಿಸುವ ಕಡೆಯ) ಬೇರಿಂಗ್. ಹಂಗಾಮು ಶುರುವಾದ ಎರಡನೇ ತಿಂಗಳಲ್ಲಿ ಅದು ಕಾಯಲಾರಂಭಿಸಿತು. ಎಣ್ಣೆ ಹೆಚ್ಚಿಸಿದರು, ನೀರು ಹೆಚ್ಚಿಸಿದರು, ಎಣ್ಣೆಯನ್ನೇ ಬದಲಿಸಿದರು, ಕೊನೆಗೆ ಬ್ರಾಸನ್ನೇ, ಅಂದರೆ ಶಾಫ್ಟ್ ತಾಗಿ ತಿರುಗುವ ಬೇರಿಂಗ್‌ನ ಲೋಹದ ಚಿಪ್ಪನ್ನೇ ಬದಲಿಸಿದರು. ಹೊಸದಾಗಿ ಹಾಕಿದ ಬ್ರಾಸ್ ಎರಡು ದಿನವೂ ಬಾಳಲಿಲ್ಲ. ಕಾರಣ ಇದ್ದದ್ದು ಎಣ್ಣೆಯಲ್ಲೂ ಅಲ್ಲ, ನೀರಿನಲ್ಲೂ ಅಲ್ಲ. ಬ್ರಾಸ್‌ನ ಹೊರಮೈಯಲ್ಲಿ, ಕಾಲು ಮಿಲಿಮೀಟರಿನಷ್ಟು ಸಂದಿನಲ್ಲಿ.

ಹೊರೆ ಎಷ್ಟು, ಶಾಖ ಎಷ್ಟು

ರೋಲರ್ 840 ಮಿ.ಮೀ. ವ್ಯಾಸ, 1,680 ಮಿ.ಮೀ. ಉದ್ದದ್ದು. ಜರ್ನಲ್, ಅಂದರೆ ಬೇರಿಂಗ್‌ನಲ್ಲಿ ಕೂರುವ ಶಾಫ್ಟಿನ ಭಾಗ, 400 ಮಿ.ಮೀ. ವ್ಯಾಸ, 500 ಮಿ.ಮೀ. ಉದ್ದ. ಎರಡೂ ಕಡೆ 300 ಮಿ.ಮೀ.ನ ಹೈಡ್ರಾಲಿಕ್ ರ‍್ಯಾಮ್ ಇದ್ದು, ಪ್ರತಿ ಚದರ ಸೆಂ.ಮೀ.ಗೆ ಸುಮಾರು 200 ಕೆ.ಜಿ. ಒತ್ತಡದಲ್ಲಿ ಒಂದೊಂದೂ 140 ಟನ್ ಒತ್ತುತ್ತದೆ. ಜರ್ನಲ್‌ನ ವ್ಯಾಸವನ್ನು ಉದ್ದದಿಂದ ಗುಣಿಸಿದರೆ 2,000 ಚದರ ಸೆಂ.ಮೀ. ಆಗುತ್ತದೆ; ಅಂದರೆ ಬೇರಿಂಗ್ ಮೇಲೆ ಪ್ರತಿ ಚದರ ಸೆಂ.ಮೀ.ಗೆ 70 ಕೆ.ಜಿ. ಭಾರ ಬೀಳುತ್ತದೆ. ಗಾಣಕ್ಕೆ ಇದು ವಿಪರೀತವೇನಲ್ಲ, ಆದರೆ ಸರಾಸರಿ ಲೆಕ್ಕ ಎಂಬುದನ್ನು ಮರೆಯಬಾರದು. ಭಾರ ಇಡೀ ಉದ್ದಕ್ಕೂ ಹಂಚಿಹೋದಾಗ ಮಾತ್ರ 70. ಮೂರನೇ ಒಂದು ಭಾಗದ ಮೇಲಷ್ಟೇ ಕೂತರೆ ಅದೇ ಭಾರ 210 ಆಗುತ್ತದೆ.

ಗಾಣ ತಿರುಗುವುದು ನಿಮಿಷಕ್ಕೆ 4.5 ಸುತ್ತು. ಜರ್ನಲ್‌ನ ಮೈವೇಗ ಸೆಕೆಂಡಿಗೆ 9.4 ಸೆಂ.ಮೀ. ಇಷ್ಟು ನಿಧಾನಕ್ಕೆ ತಿರುಗುವ, ಇಷ್ಟು ಭಾರದ ಶಾಫ್ಟನ್ನು ಎಣ್ಣೆಯ ಪೊರೆ ಪೂರ್ತಿಯಾಗಿ ಎತ್ತಿ ಹಿಡಿಯುವುದಿಲ್ಲ. ಅರ್ಧ ಎಣ್ಣೆ, ಅರ್ಧ ಲೋಹ ಎನ್ನುವ ಸ್ಥಿತಿಯಲ್ಲೇ ಈ ಬೇರಿಂಗ್ ಸದಾ ಓಡುತ್ತಿರುತ್ತದೆ. ಟರ್ಬೈನ್ ಬೇರಿಂಗ್‌ನಲ್ಲಿ ಪಳಗಿದ ಕೈಗಳು ಗಾಣಕ್ಕೆ ಬಂದಾಗ ಮೊದಲು ಎಡವುವುದು ಇಲ್ಲೇ.

ಘರ್ಷಣೆಯ ಗುಣಾಂಕ 0.05 ಇದ್ದರೆ ಈ ಬೇರಿಂಗ್‌ನಲ್ಲಿ ಹುಟ್ಟುವ ಶಾಖ ಸುಮಾರು 6.5 ಕಿಲೋವ್ಯಾಟ್. ಅದು 0.12ಕ್ಕೆ ಏರಿದರೆ 15.5 ಕಿಲೋವ್ಯಾಟ್. ಬ್ರಾಸ್‌ನ ಹೊಟ್ಟೆಯಲ್ಲಿ ಹರಿಯುವ ತಣ್ಣೀರು ನಿಮಿಷಕ್ಕೆ 10 ಲೀಟರ್ ಇದ್ದು, ಒಳಹೋಗುವಾಗ ಇದ್ದುದಕ್ಕಿಂತ 10 ಡಿಗ್ರಿ ಬಿಸಿಯಾಗಿ ಹೊರಬಂದರೆ 7 ಕಿಲೋವ್ಯಾಟ್ ಹೊತ್ತೊಯ್ಯುತ್ತದೆ. ಮೊದಲ ಸ್ಥಿತಿಯನ್ನು ನೀರು ನಿಭಾಯಿಸೀತು, ಎರಡನೆಯದನ್ನು ನಿಭಾಯಿಸದು. ಈ ಎರಡು ಅಂಕಿಗಳನ್ನು ಮೊದಲ ದಿನವೇ ಯಾರಾದರೂ ಬರೆದಿಟ್ಟಿದ್ದರೆ ಮುಂದಿನ ಅರ್ಧ ಪ್ರಯತ್ನಗಳು ಉಳಿಯುತ್ತಿದ್ದವು.

ಟಾಪ್ ರೋಲರ್‌ನಲ್ಲಿ ಭಾರ ಹೊರುವುದು ಮೇಲಿನ ಅರ್ಧಚಿಪ್ಪು. ರ‍್ಯಾಮ್ ಮೇಲಿನಿಂದ ಅದನ್ನು ಒತ್ತುತ್ತದೆ, ಕಬ್ಬಿನ ಹಾಸು ಕೆಳಗಿನಿಂದ ರೋಲರನ್ನು ಎತ್ತುತ್ತದೆ. ಸಿಪ್ಪೆ ಹೊರಬೀಳುವ ಡಿಸ್ಚಾರ್ಜ್ ರೋಲರ್ ಕಡೆಯ ಹಿಂಡುವಿಕೆ ಹೆಚ್ಚಿರುವುದರಿಂದ ಒಟ್ಟು ಬಲ ನೇರ ಮೇಲಕ್ಕಿರದೆ ಸ್ವಲ್ಪ, ಕಬ್ಬು ಒಳಬರುವ ಫೀಡ್ ಕಡೆಗೆ ವಾಲಿರುತ್ತದೆ. ಚಿಪ್ಪಿಗೆ ಬಳಸಿದ್ದು ಶೇ 85 ತಾಮ್ರ, ತಲಾ ಶೇ 5 ತವರ, ಸೀಸ, ಸತುವಿನ ಗನ್‌ಮೆಟಲ್. ಮಿಲ್ ಹೌಸ್‌ನಲ್ಲಿ ಎಲ್ಲರಿಗೂ ಅದು ಬ್ರಾಸ್. ಗಾಣದ ಚೌಕಟ್ಟಾದ ಹೆಡ್‌ಸ್ಟಾಕ್‌ನ ಎರಡು ದವಡೆಗಳ ನಡುವೆ ಈ ಬ್ರಾಸ್ ಮೇಲೆ ಕೆಳಗೆ ಜಾರಬೇಕು. ಕಬ್ಬಿನ ಹಾಸು ದಪ್ಪಗಾದಾಗ ರೋಲರ್ ಏಳುತ್ತದೆ, ತೆಳ್ಳಗಾದಾಗ ಇಳಿಯುತ್ತದೆ.

ಹಂಗಾಮಿಗೆ ಮೊದಲು ಆದದ್ದು

ಹಿಂದಿನ ಹಂಗಾಮಿನ ಕೊನೆಗೆ ಡ್ರೈವ್ ಕಡೆಯ ಬ್ರಾಸ್ ಸವೆದು ಮಿತಿಗೆ ಬಂದಿತ್ತು. ಆಫ್ ಸೀಸನ್‌ನಲ್ಲಿ ಹೊಸದನ್ನು ಎರಕ ಹೊಯ್ಯಿಸಿದರು. ಜೊತೆಗೆ ಒಂದು ಸ್ಪೇರ್ ಕೂಡ. ಅದೇ ಸಮಯದಲ್ಲಿ ಹೆಡ್‌ಸ್ಟಾಕ್ ದವಡೆಯ ಲೈನರ್ ಪ್ಲೇಟ್‌ಗಳನ್ನೂ ಬದಲಿಸಿದರು. ದವಡೆಯ ಅಗಲ 640 ಮಿ.ಮೀ. ಬಂತು.

ಬ್ರಾಸ್‌ನ ಡ್ರಾಯಿಂಗ್‌ನಲ್ಲಿ ಬೋರ್‌ನ, ಅಂದರೆ ಜರ್ನಲ್ ಕೂರುವ ಒಳಮೈಯ ಅಳತೆ ಇತ್ತು, ಉದ್ದ ಇತ್ತು; ದವಡೆಗೆ ತಾಗುವ ಹೊರ ಕೆನ್ನೆಗಳ ನಡುವಿನ ಅಗಲದ ಜಾಗದಲ್ಲಿ ‘ದವಡೆಗೆ ಹೊಂದುವಂತೆ’ ಎಂದಷ್ಟೇ ಬರೆದಿತ್ತು. ವರ್ಕ್‌ಶಾಪಿನವರು ಹೊಂದಿಸಿದರು. ಆಟವೇ ಇಲ್ಲದಂತೆ, 639.75ಕ್ಕೆ. ಕ್ರೇನ್‌ನಲ್ಲಿ ಇಳಿಸಿದಾಗ ಬ್ರಾಸ್ ಸರ್ರನೆ ಕೂತಿತು, ಎಲ್ಲರೂ ಮೆಚ್ಚಿದರು. ಸವೆದ ಹಳೆಯ ಬ್ರಾಸ್‌ಗೆ ಒಂದು ಮಿ.ಮೀ.ಗಿಂತ ಹೆಚ್ಚು ಆಟವಿತ್ತು. ಅದನ್ನು ಸವೆತದ ದೋಷವೆಂದೇ ತಿಳಿದಿದ್ದರು.

ಬೋರನ್ನು ಅಂಚಿನಿಂದ ಅಂಚಿಗೆ ಪೂರ್ತಿ 180 ಡಿಗ್ರಿ ಒಂದೇ ವ್ಯಾಸಕ್ಕೆ ಕೊರೆದಿದ್ದರು. ಪಕ್ಕದ ಅಂಚುಗಳಲ್ಲಿ ರಿಲೀಫ್, ಅಂದರೆ ಜರ್ನಲ್‌ಗೆ ತಾಗದಂತೆ ಕೆರೆದ ಇಳಿಜಾರು ಇರಲಿಲ್ಲ. ಎಣ್ಣೆಯ ತೂತು ನೆತ್ತಿಯಲ್ಲಿ, ಅಂದರೆ ಭಾರ ಬೀಳುವ ಜಾಗದಲ್ಲೇ ಇತ್ತು. ಸ್ಪೇರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಣ್ಣೆ ಚೆನ್ನಾಗಿ ಹರಡಲೆಂದು ಆ ತೂತಿನಿಂದ ನಾಲ್ಕೂ ಮೂಲೆಗೆ ಅಡ್ಡಡ್ಡ ತೋಡು ಕತ್ತರಿಸಿದ್ದರು.

ಕಾಯಲು ಶುರು

ಮೊದಲ ತಿಂಗಳು ಗಾಣ ಪೂರ್ತಿ ಒತ್ತಡಕ್ಕೆ ಬಂದಿರಲಿಲ್ಲ, ಕಬ್ಬಿನ ಬರವೂ ಕಡಿಮೆ ಇತ್ತು. ಬೇರಿಂಗ್ 48ರಿಂದ 50 ಡಿಗ್ರಿಯಲ್ಲಿ ಓಡಿತು. ಎರಡನೇ ತಿಂಗಳು ಹೊರೆ ಏರಿಸಿದಾಗ ಫ್ರೀ ಕಡೆಯ, ಅಂದರೆ ರೋಲರ್‌ನ ಇನ್ನೊಂದು ತುದಿಯ ಬೇರಿಂಗ್ 50ರಲ್ಲೇ ಉಳಿಯಿತು, ಡ್ರೈವ್ ಕಡೆಯದು ಒಂದು ಮಧ್ಯಾಹ್ನ 78 ಮುಟ್ಟಿತು. ಬ್ರಾಸ್‌ನೊಳಗೆ, ಬೋರ್‌ನಿಂದ 25 ಮಿ.ಮೀ. ಹಿಂದೆ ಕೂರಿಸಿದ ಸೆನ್ಸರ್ ತೋರಿಸಿದ ಅಂಕಿ ಇದು. ಪಾಳಿಯವರು ಇನ್ಫ್ರಾರೆಡ್ ಗನ್ ಹಿಡಿದು ನೋಡಿದಾಗ 60 ಬಂತು. ಒದ್ದೆಯಾದ, ಹೊಳೆಯುವ ಲೋಹದ ಮೇಲೆ ಆ ಗನ್ ಯಾವಾಗಲೂ ಕಡಿಮೆ ತೋರಿಸುತ್ತದೆ. ‘ಸೆನ್ಸರ್ ಕೆಟ್ಟಿದೆ’ ಎಂಬ ವಾದದಲ್ಲಿ ಒಂದು ಇಡೀ ಪಾಳಿ ಹೋಯಿತು.

ಮೊದಲ ಕ್ರಮ, ಎಣ್ಣೆ ಇಮ್ಮಡಿ. ಲೂಬ್ರಿಕೇಟರ್‌ನ ಸ್ಟ್ರೋಕ್ ಏರಿಸಿದರು. ಅರ್ಧ ದಿನ ಎರಡು ಮೂರು ಡಿಗ್ರಿ ಇಳಿಯಿತು, ಮತ್ತೆ ಏರಿತು. ಬೇರಿಂಗ್‌ನ ಹೊರ ತುದಿಯಿಂದ ಎಣ್ಣೆ ಸ್ವಚ್ಛವಾಗಿ ಸುರಿಯುತ್ತಿತ್ತು. ಒಳ ತುದಿಯಲ್ಲಿ, ರೋಲರ್ ಕಡೆಗೆ, ಕಪ್ಪಗೆ, ಬೆರಳಲ್ಲಿ ಉಜ್ಜಿದರೆ ಚಿನ್ನದ ಪುಡಿಯಂಥ ಮಿನುಗು. ಆಯಿಲರ್ ಇದನ್ನು ಲಾಗ್ ಪುಸ್ತಕದಲ್ಲಿ ಬರೆದ. ಒಂದೇ ಬೇರಿಂಗ್‌ನ ಎರಡು ತುದಿಯಲ್ಲಿ ಎರಡು ಬಗೆಯ ಎಣ್ಣೆ ಬರುತ್ತಿದೆಯೆಂದರೆ ಭಾರ ಸಮನಾಗಿ ಕೂತಿಲ್ಲ ಎಂದರ್ಥ. ಆ ಸಾಲನ್ನು ಓದಿದವರು ಎಣ್ಣೆ ಹೊಲಸಾಗಿದೆ ಎಂದಷ್ಟೇ ತಿಳಿದರು.

ಎಣ್ಣೆಯ ಮಾದರಿ ಪರೀಕ್ಷೆಗೆ ಹೋಯಿತು. ನೀರಿನ ಅಂಶ ಸಿಕ್ಕಿತು. ಕೊನೆಯ ಗಾಣಕ್ಕೆ, ಸಿಪ್ಪೆಯಲ್ಲಿ ಉಳಿದ ಸಕ್ಕರೆ ಬಿಡಿಸುವ ಬಿಸಿ ಇಂಬಿಬಿಷನ್ ನೀರು ಬೀಳುತ್ತದೆ, ರಸವನ್ನು ಬೇರಿಂಗ್‌ನಿಂದ ದೂರ ತಡೆಯುವ ಜ್ಯೂಸ್ ರಿಂಗ್ ಸವೆದಿದ್ದರೆ ಹುಳಿ ರಸ, ಸಿಪ್ಪೆಯ ಪುಡಿ ಎರಡೂ ಜರ್ನಲ್‌ಗೆ ನುಗ್ಗುತ್ತವೆ. ‘ಇದೇ ಕಾರಣ’ ಎಂದು ರಿಂಗ್ ಬದಲಿಸಿದರು. ರಿಂಗ್ ಬದಲಿಸಿದ್ದು ಸರಿಯೇ. ಆದರೆ ಫ್ರೀ ಕಡೆಯ ಎಣ್ಣೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ ನೀರಿತ್ತು, ಆ ಬೇರಿಂಗ್ ತಣ್ಣಗಿತ್ತು. ಕೆಟ್ಟದ್ದರ ಪಕ್ಕದಲ್ಲೇ ಅದೇ ಹೊರೆಯ, ಅದೇ ಎಣ್ಣೆಯ, ಚೆನ್ನಾಗಿರುವ ಜೋಡಿ ಇರುವಾಗ ಪ್ರತಿ ಅನುಮಾನವನ್ನೂ ಅದರ ಮುಂದೆ ಹಿಡಿದು ನೋಡಬೇಕು. ಎರಡರಲ್ಲೂ ಇರುವ ದೋಷ ಒಂದನ್ನು ಮಾತ್ರ ಸುಡುವುದಿಲ್ಲ.

ನಂತರ ನೀರಿನ ಸರದಿ. ಹೊರಹೋಗುವ ಪೈಪಿನಲ್ಲಿ ನೀರು ಬರುತ್ತಿದೆ, ಹಾಗಾಗಿ ಕೂಲಿಂಗ್ ಸರಿಯಿದೆ ಎಂದು ಅಷ್ಟು ದಿನ ಎಲ್ಲರೂ ನಂಬಿದ್ದರು. ಒಬ್ಬ ಫಿಟ್ಟರ್ 20 ಲೀಟರಿನ ಬಕೆಟ್ ಹಿಡಿದ. ತುಂಬಲು ಐದು ನಿಮಿಷ ಬೇಕಾಯಿತು. ಫ್ರೀ ಕಡೆ ಒಂದೂವರೆ ನಿಮಿಷ. ನಿಮಿಷಕ್ಕೆ 4 ಲೀಟರ್ ನೀರು ಅದೇ 10 ಡಿಗ್ರಿ ಏರಿಕೆಯಲ್ಲಿ 2.8 ಕಿಲೋವ್ಯಾಟ್ ಮಾತ್ರ ಹೊರುತ್ತದೆ. ನೀರು ತಣಿಸುವ ಸ್ಪ್ರೇ ಪಾಂಡ್‌ನಿಂದ ಬಂದ ಕೆಸರು ಒಳಹೋಗುವ ಪೈಪಿನ ಬಾಗಿನಲ್ಲಿ ಕೂತಿತ್ತು. ಗಾಳಿ, ನೀರು ಸೇರಿಸಿ ಉಲ್ಟಾ ಹೊಡೆದು ಬಿಡಿಸಿದರು, ಹರಿವು 11 ಲೀಟರ್‌ಗೆ ಬಂತು, ತಾಪ 53ಕ್ಕೆ ಇಳಿಯಿತು.

ಇದು ದಾರಿ ತಪ್ಪಿಸಿದ ಗೆಲುವು. ದೋಷವೊಂದು ಸಿಕ್ಕಿತು, ಸರಿಪಡಿಸಿದರು, ತಾಪ ಇಳಿಯಿತು, ಕಡತ ಮುಚ್ಚಿತು. ಮೂರನೇ ದಿನ ಮಧ್ಯಾಹ್ನ ಮತ್ತೆ 80.

ಗಾಬರಿಯಲ್ಲಿ ಮಾಡಿದ ಎರಡು ಕೆಲಸ

ಆ ಮಧ್ಯಾಹ್ನ ಹೋಸ್ ಪೈಪ್ ತಂದು ಬ್ರಾಸ್‌ನ ಹೊರಮೈ ಮೇಲೆ ತಣ್ಣೀರು ಬಿಟ್ಟರು. ಕೆಲವೇ ನಿಮಿಷದಲ್ಲಿ ಕರಕರ ಸದ್ದು ಬಂತು, ಗಾಣದ ಮೋಟಾರಿನ ಕರೆಂಟ್ ಶೇ 15ರಷ್ಟು ಏರಿತು. ಆಗಿದ್ದೇನೆಂದರೆ, ಕಾದ ಜರ್ನಲ್ ಹಿಗ್ಗಿಯೇ ಇರುತ್ತದೆ, ನೀರು ಬಿದ್ದ ಚಿಪ್ಪು ಕುಗ್ಗಿ ಶಾಫ್ಟನ್ನು ಹಿಡಿಯುತ್ತದೆ. ಜರ್ನಲ್ ಮೇಲೆಯೇ ನೀರು ಬಿದ್ದರೆ ಮೇಲ್ಮೈಯಲ್ಲಿ ಬಿರುಕು ಹುಟ್ಟುವ ಅಪಾಯ ಬೇರೆ. ಕಾದ ಬೇರಿಂಗ್‌ಗೆ ಹೊರಗಿನಿಂದ ನೀರು ಹೊಡೆಯಬಾರದು. ಕಬ್ಬು ತಡೆದು, ಎರಡೂ ಕಡೆಯ ಒತ್ತಡವನ್ನು ಒಟ್ಟಿಗೆ ಇಳಿಸಿ, ಗಾಣವನ್ನು ಖಾಲಿಯಾಗಿ ನಿಧಾನಕ್ಕೆ ತಿರುಗಿಸುತ್ತಾ, ಎಣ್ಣೆ ಕೊಡುತ್ತಾ ತಣ್ಣಗಾಗಲು ಬಿಡಬೇಕು. ಪೂರ್ತಿ ನಿಲ್ಲಿಸಿದರೆ ಬ್ರಾಸ್ ಕಚ್ಚಿಕೊಂಡು ಮತ್ತೆ ತಿರುಗಿಸುವುದೇ ಕಷ್ಟವಾದೀತು.

ಎರಡನೆಯದು ದಪ್ಪ ಎಣ್ಣೆ. 40 ಡಿಗ್ರಿಯಲ್ಲಿ 1,000 ಸೆಂಟಿಸ್ಟೋಕ್ಸ್‌ನ ಎಣ್ಣೆಯ ಬದಲು ಅದರ ಹಲವು ಪಟ್ಟು ಗಟ್ಟಿಯ ಎಣ್ಣೆ ತುಂಬಿದರು. ತತ್ವದಲ್ಲಿ ತಪ್ಪಿಲ್ಲ, ನಿಧಾನ ವೇಗಕ್ಕೆ ಗಟ್ಟಿ ಎಣ್ಣೆಯೇ ಬೇಕು. ಆದರೆ ಡಿಸೆಂಬರಿನ ನಸುಕಿನಲ್ಲಿ ಆ ಎಣ್ಣೆ ಉದ್ದನೆಯ 6 ಮಿ.ಮೀ. ಪೈಪಿನಲ್ಲಿ ಹರಿಯಲೊಲ್ಲದೆ ಪೈಪ್ ಜೋಡಿಸುವ ಯೂನಿಯನ್ ಒಂದು ಕಿತ್ತುಹೋಯಿತು. ಡ್ರೈವ್ ಕಡೆಯ ಬೇರಿಂಗ್ ಎಣ್ಣೆಯಿಲ್ಲದೆ ಎಷ್ಟು ಹೊತ್ತು ಓಡಿತೆಂದು ಯಾರಿಗೂ ಹೇಳಲಾಗಲಿಲ್ಲ. ಎಣ್ಣೆಯ ದರ್ಜೆ ಬದಲಿಸುವ ಮುನ್ನ ಪೈಪಿನ ವ್ಯಾಸ, ಉದ್ದ, ನಸುಕಿನ ಚಳಿ ಮೂರನ್ನೂ ನೋಡಬೇಕಿತ್ತು. ಹಳೆಯ ಎಣ್ಣೆಗೇ ಮರಳಿದರು.

ಅಷ್ಟರಲ್ಲಿ ಕಬ್ಬಿನ ಯಾರ್ಡ್ ತುಂಬಿ ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂದಿತ್ತು. ಕಡಿದ ಕಬ್ಬು ನುರಿಯದೆ ನಿಂತಷ್ಟೂ ಸಕ್ಕರೆ ಒಡೆಯುತ್ತದೆ, ಹಾಗಾಗಿ ನಿಲ್ಲಿಸುವ ಮಾತು ಯಾರೂ ಎತ್ತಲಿಲ್ಲ. ಹೈಡ್ರಾಲಿಕ್ ಒತ್ತಡವನ್ನು ಎರಡೂ ಕಡೆ 200ರಿಂದ 160ಕ್ಕೆ ಇಳಿಸಿ ಓಡಿಸಿದರು. ತಾಪ 52ಕ್ಕೆ ಬಂದು ನಿಂತಿತು. ಬೆಲೆ ಬೇರೆ ಕಡೆ ತೆರಬೇಕಾಯಿತು: ಸಿಪ್ಪೆಯ ತೇವ ಶೇ 50ರಿಂದ 52.5ಕ್ಕೆ ಏರಿತು, ಆ ಸಿಪ್ಪೆಯನ್ನೇ ಉರಿಸುವ ಬಾಯ್ಲರ್‌ನವರು ಹಬೆಯ ಒತ್ತಡ ನಿಲ್ಲುತ್ತಿಲ್ಲವೆಂದು ಫೋನ್ ಮಾಡತೊಡಗಿದರು. ಆದರೂ ಇಡೀ ಪ್ರಕರಣದಲ್ಲಿ ಅಲ್ಲಿಯವರೆಗೆ ತೆಗೆದುಕೊಂಡ ತೀರ್ಮಾನಗಳಲ್ಲಿ ಇದೊಂದೇ ಜರ್ನಲನ್ನು ಉಳಿಸಿತು.

ಎರಡನೇ ಬ್ರಾಸ್

ಮುಂದಿನ ಕ್ಲೀನಿಂಗ್ ದಿನ ಸ್ಪೇರ್ ಬ್ರಾಸ್ ಹಾಕಿದರು. ಹಳೆಯದನ್ನು ತೆಗೆದಾಗ ಬೋರ್‌ನಲ್ಲಿ ಗೀರುಗಳಿದ್ದವು. ‘ಎರಕ ಸರಿಯಿಲ್ಲ’ ಎಂದು ಬದಿಗಿಟ್ಟರು. ಗೀರು ಎಲ್ಲಿದೆ, ಎಲ್ಲಿಲ್ಲ ಎಂದು ಯಾರೂ ನೋಡಲಿಲ್ಲ. ಸ್ಪೇರ್‌ನ ಕೆನ್ನೆಯೂ ಅದೇ 639.75. ಅದರ ಮೇಲೆ ಅಡ್ಡಡ್ಡ ತೋಡುಗಳು ಬೇರೆ. ಭಾರ ಹೊರುವ ಜಾಗದಲ್ಲಿ ಅಂಚಿನವರೆಗೆ ತೋಡು ಇದ್ದರೆ ಒತ್ತಡದ ಎಣ್ಣೆ ಅದರಲ್ಲೇ ಹೊರಗೆ ಓಡುತ್ತದೆ. ತೋಡಿನ ಚೂಪು ಅಂಚು ಜರ್ನಲ್‌ಗೆ ಅಂಟಿದ ಎಣ್ಣೆಯನ್ನೂ ಕೆರೆದು ಹಾಕುತ್ತದೆ.

ಒತ್ತಡವನ್ನು ಒಂದೇ ಪಾಳಿಯಲ್ಲಿ 200ಕ್ಕೆ ಏರಿಸಿದರು. ಎರಡನೇ ದಿನ ಸಂಜೆ ಮೋಟಾರ್ ಟ್ರಿಪ್ ಆಯಿತು. ಈ ಬಾರಿ ಜರ್ನಲ್‌ಗೂ ಗೀರು ಬಿದ್ದಿತ್ತು, ಆಳವಾದದ್ದು ಅರ್ಧ ಮಿ.ಮೀ.

ತಿರುವು

ಕೆಟ್ಟ ಎರಡೂ ಬ್ರಾಸ್‌ಗಳನ್ನು ಬೋರ್ ಮೇಲಾಗಿ ಅಕ್ಕಪಕ್ಕ ಮಲಗಿಸಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡಿದಾಗ ಮೂರು ಗುರುತು ಎದ್ದು ಕಂಡವು.

ನೆತ್ತಿಯ ಹೊರ ಅರ್ಧದಲ್ಲಿ ಬೋರಿಂಗ್ ಟೂಲ್‌ನ ಗೆರೆಗಳು ಹಾಗೇ ಇದ್ದವು. 140 ಟನ್ ಹೊರಬೇಕಾದ ಜಾಗವನ್ನು ಶಾಫ್ಟ್ ಸರಿಯಾಗಿ ಮುಟ್ಟಿಯೇ ಇರಲಿಲ್ಲ. ಒಳ ತುದಿಯ 150 ಮಿ.ಮೀ. ಪಟ್ಟಿಯಲ್ಲಿ ಲೋಹ ಎಳೆದುಹೋಗಿತ್ತು. ಪಕ್ಕದ ಎರಡು ಅಂಚುಗಳ ಉದ್ದಕ್ಕೂ, ಭಾರವೇ ಇರಬಾರದ ಕಡೆ, ಕನ್ನಡಿಯಂತೆ ಹೊಳಪು ಬಂದಿತ್ತು. ಮೂರನೆಯದು ಬೋರ್‌ನಲ್ಲಿ ಇರಲಿಲ್ಲ. ಬ್ರಾಸ್‌ನ ಹೊರ ಕೆನ್ನೆಗಳ ಮೇಲೆ ನೆಟ್ಟಗೆ ಉಜ್ಜಿದ ಗುರುತುಗಳು, ದವಡೆಯ ಲೈನರ್ ಮೇಲೆ ಅವಕ್ಕೆ ಸರಿಹೊಂದುವ ಗನ್‌ಮೆಟಲ್‌ನ ಹಳದಿ ಲೇಪ.

ಆಗ ಲಾಗ್ ಪುಸ್ತಕ ಮತ್ತೆ ಹೊರಬಂತು. ಪ್ರತಿ ಸಲವೂ ತಾಪ ಮೆಲ್ಲಗೆ 50, 52, 54 ಎಂದು ಏರಿದೆ, 55 ದಾಟಿದ ಮೇಲೆ ಒಂದು ಗಂಟೆಯೊಳಗೆ 75ರ ಮೇಲೆ ಜಿಗಿದಿದೆ. ಎಣ್ಣೆಯ ಕೊರತೆಯಾದರೆ ಹೀಗೆ ಒಂದೇ ಅಂಕಿಯ ಬಳಿ ಹೊಸಿಲು ಇರುವುದಿಲ್ಲ. ಪ್ರತಿ ಜಿಗಿತವೂ ಮಧ್ಯಾಹ್ನದ ಪಾಳಿಯಲ್ಲಿ. ನಸುಕಿನಲ್ಲಿ ಒಂದೂ ಇಲ್ಲ. ರೋಲರ್ ಎಷ್ಟು ಎದ್ದಿದೆ ಎಂದು ತೋರಿಸುವ ಲಿಫ್ಟ್ ಇಂಡಿಕೇಟರ್‌ನ ಕಾಲಂ ಇನ್ನೂ ಸ್ಪಷ್ಟವಾಗಿತ್ತು. ಫ್ರೀ ಕಡೆಯ ಮುಳ್ಳು ಕಬ್ಬಿನ ಹಾಸಿಗೆ ತಕ್ಕಂತೆ 8ರಿಂದ 14 ಮಿ.ಮೀ. ನಡುವೆ ಆಡುತ್ತಿದ್ದರೆ, ಬಿಸಿಯಾದ ಹೊತ್ತಿನಲ್ಲಿ ಡ್ರೈವ್ ಕಡೆಯದು 3ರಲ್ಲಿ ಅಲುಗದೆ ನಿಂತಿತ್ತು. ಹೈಡ್ರಾಲಿಕ್ ಅಕ್ಯುಮುಲೇಟರ್‌ನ ನೈಟ್ರೋಜನ್ ಒತ್ತಡ ವ್ಯತ್ಯಾಸವಿರಬಹುದೆಂದು ಒಮ್ಮೆ ಅನುಮಾನಪಟ್ಟು ಎರಡೂ ಕಡೆ ಅಳೆದಿದ್ದರು. ಸಮ ಇತ್ತು. ಹಾಗಾಗಿ ಮುಳ್ಳನ್ನೇ ದೂರಿ ಸುಮ್ಮನಾಗಿದ್ದರು.

ಲೆಕ್ಕಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಗನ್‌ಮೆಟಲ್ ಒಂದು ಡಿಗ್ರಿಗೆ ಮೀಟರಿಗೆ 0.018 ಮಿ.ಮೀ. ಹಿಗ್ಗುತ್ತದೆ. 640 ಮಿ.ಮೀ. ಅಗಲಕ್ಕೆ ಡಿಗ್ರಿಗೆ 0.0115 ಮಿ.ಮೀ. ಜೋಡಿಸಿದಾಗ ಎಲ್ಲವೂ 28 ಡಿಗ್ರಿಯಲ್ಲಿತ್ತು. ಬ್ರಾಸ್ 55ಕ್ಕೆ ಬಂದಾಗ 27 ಡಿಗ್ರಿಗೆ 0.31 ಮಿ.ಮೀ. ಹಿಗ್ಗಿರುತ್ತದೆ. ತಂಪಾಗಿಯೇ ಇರುವ ಉಕ್ಕಿನ ಹೆಡ್‌ಸ್ಟಾಕ್ 8 ಡಿಗ್ರಿ ಏರಿದರೆ ಅದರ ದವಡೆ 0.06 ಮಿ.ಮೀ. ತೆರೆದುಕೊಳ್ಳುತ್ತದೆ. ವ್ಯತ್ಯಾಸ 0.25. ಜೋಡಿಸುವಾಗ ಬಿಟ್ಟ ಸಂದು ಅಷ್ಟೇ. ಲಾಗ್ ಪುಸ್ತಕದ 55 ಡಿಗ್ರಿಯ ಹೊಸಿಲು ಕಾಗದದ ಮೇಲೆಯೂ ಬಂತು.

ಅಲ್ಲಿಂದ ಮುಂದೆ ನಡೆಯುವುದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುತ್ತು. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ ಬ್ರಾಸ್ ದವಡೆಯಲ್ಲಿ ಕಚ್ಚಿಕೊಳ್ಳುತ್ತದೆ. ಫ್ರೀ ಕಡೆ ಏಳುತ್ತದೆ, ಡ್ರೈವ್ ಕಡೆ ಏಳುವುದಿಲ್ಲ, ರೋಲರ್ ವಾಲುತ್ತದೆ. ವಾಲಿದ ಜರ್ನಲ್‌ಗೆ ತಕ್ಕಂತೆ ಬ್ರಾಸ್ ತಾನೂ ವಾಲಲಾರದೆ ನಿಂತಿರುವುದರಿಂದ ಇಡೀ ಭಾರ ಒಳ ತುದಿಗೆ ಬೀಳುತ್ತದೆ. ಹೊರಕ್ಕೆ ಹಿಗ್ಗಲು ಜಾಗವಿಲ್ಲದ ಚಿಪ್ಪು ಒಳಕ್ಕೆ ಹಿಗ್ಗಿ, ಅದರ ಅಂಚುಗಳು ಜರ್ನಲನ್ನು ಹಿಂಡುತ್ತವೆ. ಒಳಗೆ ಹೋಗಬೇಕಾದ ಎಣ್ಣೆಯನ್ನು ಬಾಗಿಲಲ್ಲೇ ಒರೆಸಿ ಹಾಕುತ್ತವೆ. ಘರ್ಷಣೆ ಏರುತ್ತದೆ, ಶಾಖ ಏರುತ್ತದೆ, ಬ್ರಾಸ್ ಇನ್ನಷ್ಟು ಬಿಗಿಯುತ್ತದೆ. ನೀರಿನ ದಾರಿ ತೆರೆದಾಗ ತಾಪ 55ರ ಕೆಳಗೆ ಇಳಿದದ್ದರಿಂದಲೇ ಸಮಸ್ಯೆ ಮರೆಯಾಯಿತು, ಒಂದು ಬಿಸಿ ಮಧ್ಯಾಹ್ನ ಹೊಸಿಲು ದಾಟಿದ್ದೇ ಮರಳಿತು. ಒತ್ತಡ ಇಳಿಸಿದಾಗ ಸುಧಾರಿಸಿದ್ದಕ್ಕೂ ಇದೇ ವಿವರಣೆ.

ದುರಸ್ತಿ

ಹೊಸ ಬ್ರಾಸ್‌ಗೆ ನಾಲ್ಕು ದಿನ ಬೇಕಿತ್ತು. ಅಷ್ಟು ದಿನ ಗಾಣ ನಿಲ್ಲಿಸುವ ಬದಲು ಮೊದಲ ಬ್ರಾಸನ್ನೇ ಸರಿಪಡಿಸುವುದೆಂದು ತೀರ್ಮಾನವಾಯಿತು. ಅದರಲ್ಲಿ ತೋಡುಗಳಿರಲಿಲ್ಲ, ಗೀರುಗಳೂ ಆಳವಿರಲಿಲ್ಲ.

ಕೆನ್ನೆಗಳನ್ನು 639.1ಕ್ಕೆ ತಂದು 0.9 ಮಿ.ಮೀ. ಸಂದು ಬಿಟ್ಟರು. ಬ್ರಾಸ್ 83 ಡಿಗ್ರಿಗೆ ಏರಿದರೂ ದವಡೆಯ ಹಿಗ್ಗು ಕಳೆದು ನಿವ್ವಳ ಹಿಗ್ಗು 0.55ರ ಆಸುಪಾಸು, ತುಕ್ಕು, ಒಣಗಿದ ರಸ ಕೂತುಕೊಳ್ಳುವುದಕ್ಕೂ ಜಾಗ ಉಳಿಯುತ್ತದೆ. ಒಂದೂವರೆ ಮಿ.ಮೀ.ಗಿಂತ ಹೆಚ್ಚು ಬಿಡಲು ಒಪ್ಪಲಿಲ್ಲ, ಏಕೆಂದರೆ ಹೊರೆ ಬದಲಾದಾಗಲೆಲ್ಲ ಬ್ರಾಸ್ ದವಡೆಗೆ ಬಡಿಯುತ್ತದೆ, ಲೈನರ್ ಬೋಲ್ಟ್ ಸಡಿಲವಾಗುತ್ತದೆ.

ಪಕ್ಕದ ಎರಡು ಅಂಚುಗಳಲ್ಲಿ 40 ಮಿ.ಮೀ. ಅಗಲಕ್ಕೆ, ಅಂಚಿನ ಬಳಿ ಅರ್ಧ ಮಿ.ಮೀ. ಆಳ ಬರುವಂತೆ ಇಳಿಜಾರಾಗಿ ರಿಲೀಫ್ ಕೆರೆದರು. ನೆತ್ತಿಯ ತೂತಿಗೆ ಅದೇ ಲೋಹದ ಪ್ಲಗ್ ಹೊಡೆದು ಬೋರ್‌ಗೆ ಸಮ ಮಾಡಿದರು. ಟಾಪ್ ರೋಲರ್‌ನ ತಳ ಫೀಡ್‌ನಿಂದ ಡಿಸ್ಚಾರ್ಜ್ ಕಡೆಗೆ ಚಲಿಸುತ್ತದೆ, ಆದ್ದರಿಂದ ಜರ್ನಲ್‌ನ ಮೇಲ್ಭಾಗ ಡಿಸ್ಚಾರ್ಜ್ ಕಡೆಯಿಂದ ಬ್ರಾಸ್ ಒಳಗೆ ಹೋಗುತ್ತದೆ. ಹೊಸ ಎಣ್ಣೆಯ ತೂತನ್ನು ಆ ಕಡೆಯ ಅಂಚಿನ ರಿಲೀಫ್‌ನಲ್ಲಿ ಕೊರೆದು, ಅದರಿಂದ ಅಕ್ಕಪಕ್ಕಕ್ಕೆ ಒಂದು ಆಳವಿಲ್ಲದ ಎಣ್ಣೆಗುಂಡಿ ಮಾಡಿದರು. ಗುಂಡಿಯನ್ನು ಎರಡೂ ತುದಿಗೆ 50 ಮಿ.ಮೀ. ಮೊದಲೇ ನಿಲ್ಲಿಸಿದರು, ಇಲ್ಲದಿದ್ದರೆ ಎಣ್ಣೆ ಪಕ್ಕದಿಂದಲೇ ಸೋರಿಹೋಗುತ್ತದೆ. ಗುಂಡಿಯ ಅಂಚುಗಳನ್ನು ದುಂಡಗೆ ಉಜ್ಜಿದರು. ಚೂಪಾದ ಅಂಚು ಎಣ್ಣೆ ಕೆರೆಯುವ ಚಾಕು.

ಜರ್ನಲ್‌ನ ಗೀರಿನ ಪಕ್ಕ ಎದ್ದ ಏಣುಗಳನ್ನು ಮಾತ್ರ ಆಯಿಲ್‌ಸ್ಟೋನ್, ಎಮರಿ ಪಟ್ಟಿಯಿಂದ ಇಳಿಸಿದರು, ಹಳ್ಳಗಳನ್ನು ಹಾಗೇ ಬಿಟ್ಟರು. ವೆಲ್ಡಿಂಗ್ ಮಾಡಿ ತುಂಬೋಣ ಎಂಬ ಸಲಹೆ ಬಂದಿತ್ತು. ಭಾರ ಹೊತ್ತು ಬಾಗುತ್ತಾ ತಿರುಗುವ ಶಾಫ್ಟಿಗೆ ಕೂತಲ್ಲೇ ವೆಲ್ಡ್ ಮಾಡಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಏಣು ಬ್ರಾಸನ್ನು ಕತ್ತರಿಸುತ್ತದೆ, ಹಳ್ಳ ಕತ್ತರಿಸುವುದಿಲ್ಲ. ಹಂಗಾಮು ದಾಟಿಸಲು ಅಷ್ಟು ಸಾಕಿತ್ತು.

ಎಲ್ಲಿ ತಾಗುತ್ತದೆಂದು ತಿಳಿಯಲು ನೀಲಿ ಬಣ್ಣ ಹಚ್ಚಿ ಕೂರಿಸಿ, ತೆಗೆದು, ಕೆರೆದು, ನೆತ್ತಿಯಿಂದ ತುಸು ಫೀಡ್ ಕಡೆಗೆ ವಾಲಿದಂತೆ ಸುಮಾರು 100 ಡಿಗ್ರಿ ಅಗಲಕ್ಕೆ, ಪೂರ್ತಿ ಉದ್ದಕ್ಕೆ ಚುಕ್ಕೆಗಳು ಹರಡುವವರೆಗೆ ಬಿಡಲಿಲ್ಲ. ಎರಡು ಪಾಳಿಯ ಬಹುಪಾಲು ಹಿಡಿದ ಕೆಲಸ ಇದೇ.

ಓಡಿಸುವಾಗ ಗಡಿಯಾರ ನೋಡಿ ಒತ್ತಡ ಏರಿಸಲಿಲ್ಲ. 100, 130, 160, 180, 200 ಎಂಬ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಲ್ಲಿ ತಾಪ ಎರಡು ಗಂಟೆ ಒಂದೇ ಕಡೆ ನಿಂತ ಮೇಲೆ, ಎರಡೂ ಲಿಫ್ಟ್ ಮುಳ್ಳು ಆಡುತ್ತಿವೆ ಎಂದು ಖಚಿತವಾದ ಮೇಲೆ ಮುಂದಿನದು. ಆ ಹೊತ್ತಿಗೆ ಎಣ್ಣೆ ಮಾಮೂಲಿನ ಇಮ್ಮಡಿ. 160ರಲ್ಲಿ ಒಮ್ಮೆ 57ಕ್ಕೆ ಏರಿ, ಮುಳ್ಳು ನಿಲ್ಲದಿದ್ದುದರಿಂದ ಕಾದು ನೋಡಿದರು, ಪಾಳಿ ಮುಗಿಯುವಷ್ಟರಲ್ಲಿ 51ಕ್ಕೆ ಇಳಿಯಿತು. ಬೋರ್ ಪಳಗುವಾಗಿನ ಬಿಸಿ ಅದು. ಮುಳ್ಳನ್ನು ನೋಡದೆ ತಾಪವನ್ನಷ್ಟೇ ನೋಡಿದ್ದರೆ ಮತ್ತೆ ಬಿಚ್ಚಿರುತ್ತಿದ್ದರು.

ಆಮೇಲೆ

ಎರಡನೇ ದಿನ 200ರಲ್ಲಿ ತಾಪ 48ರಿಂದ 51ರ ನಡುವೆ ನಿಂತಿತು. ಸಿಪ್ಪೆಯ ತೇವ ಶೇ 50ರ ಹತ್ತಿರಕ್ಕೆ ಮರಳಿತು. ಹಂಗಾಮಿನ ಕೊನೆಯವರೆಗೂ ಅದೇ ಬ್ರಾಸ್ ಓಡಿತು.

ಮೂರು ವಿಷಯ ಕಾರ್ಖಾನೆಯ ರೂಢಿಯಲ್ಲೇ ಬದಲಾದವು. ಲಾಗ್ ಪುಸ್ತಕದಲ್ಲಿ ತಾಪದ ಪಕ್ಕದಲ್ಲೇ ಎರಡೂ ಕಡೆಯ ಲಿಫ್ಟ್, ಅದೂ ಒಂದು ಅಂಕಿಯಾಗಿ ಇರದೆ, ಐದು ನಿಮಿಷದಲ್ಲಿ ಕಂಡ ಕನಿಷ್ಠ ಮತ್ತು ಗರಿಷ್ಠ. ಒಂದು ಕಡೆ ಆಡುತ್ತಾ ಇನ್ನೊಂದು ಕಡೆ ನಿಂತರೆ ತಾಪ ಎಷ್ಟೇ ಇರಲಿ ಒತ್ತಡ ಇಳಿಸಬೇಕು. ಕೂಲಿಂಗ್ ನೀರಿಗೆ ವಾರಕ್ಕೊಮ್ಮೆ ಬಕೆಟ್ ಅಳತೆ. ಕಾದ ಬೇರಿಂಗ್‌ಗೆ ಮಿತಿಗಳು: 60 ದಾಟಿದರೆ ಒತ್ತಡ ಇಳಿಕೆ, 70 ದಾಟಿದರೆ ಕಬ್ಬು ಬಂದ್, ಖಾಲಿ ತಿರುಗಾಟ, ಹೋಸ್ ಪೈಪ್ ನಿಷಿದ್ಧ.

ಬಿಚ್ಚಿದ ಬ್ರಾಸನ್ನು ಗುಜರಿಗೆ ಹಾಕುವ ಮುನ್ನ ತೊಳೆದು, ಬೋರ್ ಮತ್ತು ಕೆನ್ನೆ ಎರಡರ ಫೋಟೋ ತೆಗೆದಿಡಬೇಕೆಂದೂ ಬರೆದಿಟ್ಟರು. ಇದು ಈಗಲೂ ಅರ್ಧಂಬರ್ಧ ನಡೆಯುತ್ತದೆ, ಏಕೆಂದರೆ ಬಿಚ್ಚುವ ಹೊತ್ತಿನಲ್ಲಿ ಎಲ್ಲರಿಗೂ ಗಾಣ ಓಡಿಸುವ ಅವಸರ. ಮೊದಲ ಬ್ರಾಸ್ ತೆಗೆದ ದಿನ ಹತ್ತು ನಿಮಿಷ ಅದನ್ನು ನೋಡಿದ್ದರೆ ಎರಡನೆಯದೂ ಜರ್ನಲೂ ಉಳಿಯುತ್ತಿದ್ದವು.

ಆಫ್ ಸೀಸನ್‌ನಲ್ಲಿ ರೋಲರನ್ನು ಹೊರತೆಗೆದು ಜರ್ನಲನ್ನು 398 ಮಿ.ಮೀ.ಗೆ ಟರ್ನ್ ಮಾಡಿಸಿದರು, ಬ್ರಾಸ್‌ನ ಬೋರನ್ನು ಅದಕ್ಕೆ ತಕ್ಕಂತೆ ಕೊರೆಸಿದರು. ಉಳಿದ ಮೂರು ಗಾಣಗಳ ಟಾಪ್ ಬ್ರಾಸ್‌ಗಳ ಕೆನ್ನೆಗೂ ಸಂದು ಅಳೆಯುವ ಫೀಲರ್ ಹಾಕಿ ನೋಡಿದಾಗ ಎರಡನೇ ಗಾಣದ ಒಂದು ಬ್ರಾಸ್‌ನ ಸಂದು 0.3 ಇತ್ತು. ಅದು ಅಲ್ಲಿಯವರೆಗೆ ಕಾದೇ ಇರಲಿಲ್ಲ; ಬಿಸಿ ಇಂಬಿಬಿಷನ್ ನೀರು ನೇರ ಬೀಳುವುದು ಕೊನೆಯ ಗಾಣಕ್ಕೆ, ಎರಡನೆಯದು 45 ಡಿಗ್ರಿ ದಾಟಿದ್ದೇ ಅಪರೂಪ. ಅದರ ಕೆನ್ನೆಯನ್ನೂ 639.1ಕ್ಕೆ ತಂದರು. ಈಗ ಡ್ರಾಯಿಂಗ್‌ನಲ್ಲಿ ‘ದವಡೆಗೆ ಹೊಂದುವಂತೆ’ ಎಂಬ ಸಾಲು ಇಲ್ಲ. ಆ ಜಾಗದಲ್ಲಿ ದವಡೆಯ ಅಳತೆ, ಬಿಡಬೇಕಾದ ಸಂದು, ಎಷ್ಟು ಡಿಗ್ರಿಯಲ್ಲಿ ಅಳೆದದ್ದು ಎಂಬ ಮೂರು ಅಂಕಿಗಳಿವೆ.